ಕುಬಸದ ದಿನ ತಾಯಿ ಕಾರ್ಡನೂ ಒಂದ್ಸಲ ಬಿಚ್ಚಿ ನೋಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಕುಷ್ಟಗಿ ತಾಲ್ಲೂಕಿನ ಒಂದು ಹೋಬಳಿ ಊರಾಗ ಬಸ್ ಸ್ಟ್ಯಾಂಡ್ ಎದುರಿಗೆ ನಂದೊಂದು ಝೆರಾಕ್ಸ್ ಅಂಗಡಿ ಐತಿ, ಹದಿಮೂರು ವರ್ಷ ಆತು. ನಾನು ಡಾಕ್ಟರ್ ಅಲ್ಲ, ಕಂಪೌಂಡರೂ ಅಲ್ಲ, ಪಿಯುಸಿ ಸೈನ್ಸಿನಾಗ ಎರಡು ಸಲ ಫೇಲ್ ಆಗಿ ಅಂಗಡಿ ಹಾಕಿದಾವ. ಆದ್ರ ಬಸುರಿ ಹೆಣಮಕ್ಕಳ ಬಗ್ಗೆ ಬರೆಯಾಕ ನನಗೊಂದು ಕಾರಣ ಐತಿ, ಬಸುರ್ಯಾರ ತಪಾಸಣಿ ಎಲ್ಲಾ ಬರದಿಡೂ ತಾಯಿ ಕಾರ್ಡ್, ಸುತ್ತ ಹತ್ತು ಹನ್ನೆರಡು ಹಳ್ಳಿಯವು, ನನ್ನ ಮಷಿನ್ ಮ್ಯಾಲೆ ಹಾದು ಹೋಗ್ತಾವ. ಬಸುರ್ಯಾರಿಗೆ ಸರಕಾರ ಕೊಡೂ ಮಾತೃವಂದನಾ ಯೋಜನೆದು ಐದು ಸಾವಿರ ರೂಪಾಯಿ ಬರಬೇಕಂದ್ರ ತಾಯಿ ಕಾರ್ಡಿನ ಕಾಪಿ ಬೇಕು, ಆಧಾರ್ ಬೇಕು, ಪಾಸ್‌ಬುಕ್ ಬೇಕು, ಹಂಗಾಗಿ ದಿನಾ ನಾಕೈದು ಕಾರ್ಡ್ ಬಂದೇ ಬರ್ತಾವ. ಭಾಳ ವರ್ಷ ನಾನು ಅವನ್ನ ಬರೇ ಮಗಚಿ ಹಾಕಿ ಬಟನ್ ಒತ್ತಿದೆ. ಓದಾಕ ಶುರು ಮಾಡಿದ್ದು ಈಗ ಎರಡು ವರ್ಷದಿಂದ, ಅದೂ ನಮ್ಮ ಮನಿಗೇ ಬಿಸಿ ತಟ್ಟಿದ ಮ್ಯಾಲೆ.

2024ರ ನವೆಂಬರ್‌ನಾಗ ಬಳ್ಳಾರಿಯಾಗ ಸಿಜೇರಿಯನ್ ಆದ ಬಾಣಂತ್ಯಾರು ಒಬ್ಬರ ಹಿಂದ ಒಬ್ಬರು ತೀರಿಹೋದಾಗ, ಐದು ಮಂದಿ, ನಿಮ್ಮ ಪತ್ರಿಕಾದಾಗ ದಿನಾ ಮುಖಪುಟದ ಮ್ಯಾಲೆ ಬರ್ತಿತ್ತು. ರಿಂಗರ್ ಲ್ಯಾಕ್ಟೇಟ್ ಅನ್ನೋ ಸಲಾಯಿನ್ ಬಾಟ್ಲಿ ಹೆಸರು ನಮ್ಮ ಚಾದ ಅಂಗಡಿಯಾಗ ಎಲ್ಲರ ಬಾಯಾಗ ಬಂದಿತ್ತು. ಅದು ಬರೀಲೇಬೇಕಾದ ಸುದ್ದಿ, ಕೆಟ್ಟ ಬಾಟ್ಲಿ ಏರಿಸಿ ಹೆಣಮಕ್ಕಳು ಸತ್ರ ಅದಕ್ಕ ಜವಾಬ್ದಾರಿ ಯಾರು ಅಂತ ಇನ್ನೂ ನೂರು ಸಲ ಕೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆವತ್ತು ಚಾ ಕುಡಿಕೋತ ಬೈತಿದ್ದ ಗಂಡಸರಾಗ, ನನ್ನೂ ಸೇರಿಸಿ, ಯಾರಿಗೂ ತಮ್ಮ ಹೇಣ್ತಿ ರಗತದ ಗುಂಪು ಯಾವುದು, ಹಿಮೋಗ್ಲೋಬಿನ್ ಎಷ್ಟು, ಬಿಪಿ ಎಷ್ಟು ಅಂತ ಕೇಳಿದ್ರ ಗೊತ್ತಿರಲಿಲ್ಲ. ಅದು ಗೊತ್ತಿರಬೇಕಾದ ಸಂಗತಿ ಅಂತನೂ ಗೊತ್ತಿರಲಿಲ್ಲ. ಕಾರ್ಡಿನ್ಯಾಗ ಬರೆದಿರ್ತಾರಲ್ಲ, ಅದು ಸಿಸ್ಟರ್‌ಗೆ ಸಂಬಂಧಪಟ್ಟದ್ದು ಅಂತ ನಮ್ಮ ತಿಳುವಳಿಕಿ.

ನನ್ನ ತಂಗಿ ವಿಷಯ ಹೇಳ್ತೀನಿ. ಲಿಂಗಸಗೂರು ತಾಲ್ಲೂಕಿಗೆ ಕೊಟ್ಟೇವಿ. ಮೊದಲ್ನೇ ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಎದಿಹಾಲು ಬಿಟ್ಟಿರಲಿಲ್ಲ, ಎರಡನೇದು ನಿಂತಿತು. ಎರಡು ಹೆರಿಗಿ ನಡುವ ಎರಡು ವರ್ಷಕ್ಕಿಂತ ಕಡಿಮಿ ಅಂತರ ಇದ್ರ ತಾಯಿ ಮೈಯಾಗ ರಗತ ತುಂಬಿರಂಗಿಲ್ಲ ಅಂತ ಆಮ್ಯಾಲೆ ಸಿಸ್ಟರ್ ಹೇಳಿದ್ರು, ಆವಾಗ ನಮಗ ಅದು ಖುಷಿ ಸುದ್ದಿನ. ಭಾವ, ತಂಗಿ ಇಬ್ರೂ ಗುಳೆ ಹೋಗಿದ್ರು, ಬೆಂಗಳೂರಾಗ ಬಿಲ್ಡಿಂಗ್ ಕೆಲಸ, ಅಲ್ಲೇ ಶೆಡ್ಡಿನ್ಯಾಗ ವಾಸ. ನಮ್ಮ ಕಡೆ ಇದು ಹೊಸಾದಲ್ಲ, ಯಲಬುರ್ಗಾ, ದೇವದುರ್ಗ, ಮಸ್ಕಿ ಎಲ್ಲಿ ನೋಡಿದ್ರೂ ಬಿತ್ತಿಗಿ ಮುಗದು ಕೈಗೆ ಕೆಲಸ ಇಲ್ಲಾಂದ್ರ ಗಂಟುಮೂಟಿ ಕಟ್ಟಿ ಬೆಂಗಳೂರು, ಪುಣೆ, ಗೋವಾ, ಇಲ್ಲಾ ಮೆಣಸಿನಕಾಯಿ ಹರಿಯಾಕ ಗುಂಟೂರು ಕಡೆ. ಊರಾಗ ಇದ್ದಿದ್ರ ಆಶಾ ಅಕ್ಕಾರು ಬಾಗಿಲಿಗೆ ಬಂದು ತಿಂಗಳ ತಪ್ಪಿದ್ದು ಕೇಳಿ ಮೂರು ತಿಂಗಳದೊಳಗ ಹೆಸರು ಬರಸ್ತಿದ್ರು. ಶೆಡ್ಡಿನ್ಯಾಗ ಯಾರು ಕೇಳ್ತಾರ್ರೀ. ಒಂದ್ಸಲ ಹತ್ರದ ದವಾಖಾನಿಗೆ ಹೋಗಿ ತೋರಿಸಿ ಕಾರ್ಡ್ ಮಾಡಿಸಿದ್ರು, ರಗತ ಚೆಕ್ ಆತು, ಆಮ್ಯಾಲೆ ಕೂಲಿ ಬಿಟ್ಟು ಹೋಗಾಕ ಆಗಲಿಲ್ಲ.

ಏಳನೇ ತಿಂಗಳಿಗೆ ಕುಬಸ, ಅಂದ್ರ ಸೀಮಂತ. ಚೊಚ್ಚಲಕ್ಕ ತವರಿಗೆ ಕರಕೊಂಡು ಬರೂದು ರೂಢಿ, ಎರಡನೇದಕ್ಕೂ ನಮ್ಮವ್ವ ಹಠ ಮಾಡಿ ಕರಸಿದ್ಲು, ಸಣ್ಣದೊಂದು ಕುಬಸನೂ ಮಾಡಿದ್ವಿ. ಹಸರ ಸೀರಿ, ಹಸರ ಬಳಿ, ಐದು ನಮೂನಿ ಹೋಳಿಗಿ ಕಡುಬು ಚಕ್ಲಿ ಉಂಡಿ, ಎಲ್ಲಾ ಲೆಕ್ಕ ಹಾಕಿ ತಂದಿದ್ವಿ, ಅತ್ತಿ ಮನಿಯವರು ಎಷ್ಟು ಬಳಿ ಇಡಸ್ಯಾರ ಅಂತನೂ ನಮ್ಮ ಹೆಣಮಕ್ಕಳು ಎಣಿಸಿದ್ರು. ತಾಯಿ ಕಾರ್ಡ್ ಎಲ್ಲಿ ಅಂತ ಯಾರೂ ಕೇಳಲಿಲ್ಲ. ಅದು ಬೆಂಗಳೂರಿನ ಶೆಡ್ಡಿನ್ಯಾಗ ಅಕ್ಕಿ ಡಬ್ಬಿ ಒಳಗ ಉಳದಿತ್ತು.

ನಮ್ಮೂರಿನ ಆಶಾ ಅಕ್ಕಾರು ಪಾಪ ಗೊತ್ತಾದ ಮರುದಿನನ ಬಂದ್ರು. ಪಿಎಚ್‌ಸಿಗೆ ಕರಕೊಂಡು ಹೋದ್ರು, ಬೆರಳು ಚುಚ್ಚಿ ನೋಡಿದ್ರ ಹಿಮೋಗ್ಲೋಬಿನ್ 7.8. ಬಸುರಿಗೆ 11 ಇರಬೇಕು, 7ಕ್ಕಿಂತ ಕೆಳಗ ಇಳದ್ರ ಅದು ತೀರಾ ಗಂಡಾಂತರ. ಗುಂಪು ಯಾವ್ದು ಅಂತ ಕೇಳಿದ್ರು, ತಂಗಿ ಓ ಅಂದ್ಲು, ಪಾಸಿಟಿವೋ ನೆಗೆಟಿವೋ ಅಂದ್ರ ನೆನಪಿಲ್ಲ, ಜೊತಿಗಿದ್ದ ನಮ್ಮವ್ವ ನಮ್ಮನ್ಯಾಗ ಎಲ್ಲಾರದೂ ಪಾಸಿಟಿವ್ ಅಂದುಬಿಟ್ಲು. ಹಂಗೇ ಬರಕೊಂಡ್ರು. ಕಬ್ಬಿಣಾಂಶದ ಸೂಜಿ ಮಾಡಿಸಬೇಕು, ಬಾಟ್ಲಿಗೆ ಹಾಕಿ ಏರಸ್ತಾರ, ತಾಲ್ಲೂಕು ದವಾಖಾನಿಗೆ ಬರ್ರಿ ಅಂದ್ರು. ಅವತ್ತಿನ ವಾರ ಕೊಪ್ಪಳದಾಗ ಅಜ್ಜನ ಜಾತ್ರಿ. ಗವಿಮಠದ ತೇರು ಬಿಟ್ಟು ದವಾಖಾನಿಗೆ ಹೋಗೂದಾ ಅಂತ ಮುಂದಿನ ವಾರಕ್ಕ ಹಾಕಿದ್ವಿ. ಮುಂದಿನ ವಾರ ಕಡ್ಲಿ ರಾಶಿ. ಅದರ ಮುಂದಿನ ವಾರ ನನ್ನ ಅಂಗಡಿ ಮಷಿನ್ ಕೆಟ್ಟಿತ್ತು, ಗಾಡಿ ಮ್ಯಾಲೆ ಕರಕೊಂಡು ಹೋಗಬೇಕಾದವ ನಾನೇ. ಇಷ್ಟ ನೋಡ್ರಿ ನಮ್ಮ ಕಾರಣಗಳು. ಬರದು ಇಟ್ರ ನನಗೇ ನಾಚಿಕಿ ಬರ್ತೈತಿ.

ಕೊಟ್ಟ ಕೆಂಪು ಗುಳಿಗಿನೂ ಆಕಿ ಸರಿಯಾಗಿ ನುಂಗಿಲ್ಲ. ಇದು ನಮ್ಮ ತಂಗಿ ಒಬ್ಬಾಕಿದಲ್ಲ, ನಮ್ಮೂರ ತಿಪ್ಪಿ ಕೆದರಿದ್ರ ಕೆಂಪು ಗುಳಿಗಿ ಎಷ್ಟು ಸಿಗ್ತಾವೋ ದೇವರಿಗೇ ಗೊತ್ತು. ಬಾಯಿ ರುಚಿ ಕೆಡ್ತೈತಿ, ವಾಂತಿ ಬಂದಂಗ ಆಗ್ತೈತಿ, ಹೊರಕಡಿ ಕರ್ರಗ ಆಗ್ತೈತಿ, ಹೆದರಿ ಬಿಡ್ತಾರ. ಅದು ಸಹಜ, ಕಬ್ಬಿಣ ನುಂಗಿದ್ರ ಹಂಗ ಆಗ್ತೈತಿ ಅಂತ ಒಂದು ಮಾತು ಹೇಳಿದ್ರ ಮುಗೀತು, ಆದ್ರ ಹೇಳಾಕ ಸಿಸ್ಟರ್‌ಗೆ ಪುರಸೊತ್ತಿಲ್ಲ, ಅವತ್ತು ಎಂಬತ್ತು ಮಂದಿ ಸಾಲಿನ್ಯಾಗ ಕುಂತಿರ್ತಾರ. ಮ್ಯಾಲೆ ಮುದುಕ್ಯಾರ ಮಾತು ಬ್ಯಾರೆ, ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ತೈತಿ, ಕೂಸು ದಪ್ಪಾಗಿ ಸಿಜೇರಿಯನ್ ಮಾಡಬೇಕಾಗ್ತೈತಿ. ನುಂಗಾವರೂ ಊಟ ಆದಮ್ಯಾಲೆ ಚಾದ ಜೋಡಿ ನುಂಗ್ತಾರ. ಚಾ ಕುಡದ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ, ಕ್ಯಾಲ್ಸಿಯಂ ಗುಳಿಗಿ ಜೋಡಿ ನುಂಗಿದ್ರೂ ಹಂಗೇ, ಎರಡನ್ನೂ ಬ್ಯಾರೆ ಬ್ಯಾರೆ ಹೊತ್ತಿಗೆ ನುಂಗಬೇಕು, ಲಿಂಬಿಹಣ್ಣಿನ ನೀರಿನ ಜೋಡಿ ಆದ್ರ ಚಲೋ. ದಿನಕ್ಕೊಂದರಂತೆ 180 ದಿನ ಬಸುರಿದ್ದಾಗ, ಹಡದ ಮ್ಯಾಲೆ ಮತ್ತ 180 ದಿನ. ನಾ ಇದನ್ನೆಲ್ಲಾ ಕಲಿತಿದ್ದು ಎಲ್ಲಾ ಮುಗದ ಮ್ಯಾಲೆ.

ತಂಗಿ ಮಣ್ಣು ತಿಂತಿದ್ಲು ಅನ್ನೂದೂ ಆಮ್ಯಾಲೆ ಗೊತ್ತಾತು. ಗ್ವಾಡಿ ಮಣ್ಣು, ನಮ್ಮ ಮಗನ ಬಳಪ. ನಮ್ಮ ಕಡೆ ಬಸುರ್ಯಾರು ಮಣ್ಣು ತಿನ್ನೂದು ಬಯಕಿ ಅಂತ ನಕ್ಕು ಬಿಡ್ತೀವಿ, ಮೈಯಾಗ ರಗತ ಕಡಿಮಿ ಇದ್ದವರಿಗೇ ಅಂಥ ಬಯಕಿ ಜಾಸ್ತಿ ಅಂತ ಡಾಕ್ಟರ್ ಹೇಳಿದ್ರು, ಮಣ್ಣಿನ ಜೋಡಿ ಜಂತಿನ ಹುಳನೂ ಹೊಟ್ಟಿಗೆ ಹೋಗಿ ಇದ್ದ ರಗತನೂ ಕುಡೀತಾವ. ಕಡ್ಡಿಪುಡಿ ಹಲ್ಲಿಗೆ ತಿಕ್ಕೂ ಹೆಣಮಕ್ಕಳು ಎಷ್ಟು ಮಂದಿ ಅದಾರ ನೋಡ್ರಿ, ಅದೂ ತಂಬಾಕೇ, ಕೂಸಿನ ತೂಕ ಇಳಸ್ತೈತಿ, ಆದ್ರ ಅದನ್ನ ಯಾರೂ ಚಟ ಅಂತ ಅನ್ನಂಗಿಲ್ಲ, ಹಲ್ಲುಪುಡಿ ಅಂತಾರ.

ಬ್ಯಾನಿ ಶುರುವಾದದ್ದು ರಾತ್ರಿ ಹನ್ನೊಂದಕ್ಕ. ಇದೊಂದು ಮಾತ್ರ ನಾವು ತಡ ಮಾಡಲಿಲ್ಲ, ಟಂಟಂ ಮಾಡಕೊಂಡು ದವಾಖಾನಿಗೆ ಹೋದ್ವಿ. ಎರಡು ಗಂಟೆಗೆ ಗಂಡು ಕೂಸು ಆತು, ಎರಡೂವರಿ ಕೇಜಿ, ಅಳತು, ಪೇಡೆ ತರಾಕ ಬೆಳಿಗ್ಗೆ ಅಂಗಡಿ ತೆಗೀಲಿ ಅಂತ ನಾನು ಹೊರಗ ಕಟ್ಟಿ ಮ್ಯಾಲೆ ಅಡ್ಡಾದೆ. ಹತ್ತು ನಿಮಿಷ ಆಗಿರಲಿಲ್ಲ, ಒಳಗ ಓಡಾಟ. ಮಾಸು ಬಿದ್ದೈತಿ, ಆದ್ರ ಗರ್ಭಕೋಶ ಗಟ್ಟಿ ಆಗವಲ್ದು, ರಗತ ನಿಲ್ಲವಲ್ದು. ಹಡದಾಗ ಒಂದಿಷ್ಟು ರಗತ ಹೋಗೂದು ಇದ್ದದ್ದೇ, 500 ಎಂಎಲ್ ದಾಟಿದ್ರ ಅದು ಗಂಡಾಂತರ ಅಂತ ಲೆಕ್ಕ. ಮೈತುಂಬ ರಗತ ಇದ್ದಾಕಿ ಅಷ್ಟು ತಡಕೋತಾಳ, 7.8 ಇದ್ದಾಕಿಗೆ ಅರ್ಧ ಲೀಟರಿನ ಮೊದಲೇ ಕಣ್ಣು ತೇಲಿ ಬರ್ತಾವ. ಹಿಂಗ ರಗತ ಹೊಂಟ್ರ ಎರಡೇ ತಾಸಿನ್ಯಾಗ ಜೀವ ಹೋಗಬಹುದು ಅಂತಾರ. ಹೊಟ್ಟಿ ತಿಕ್ಕಿದ್ರು, ಸೂಜಿ ಮ್ಯಾಲೆ ಸೂಜಿ ಮಾಡಿದ್ರು, ಎರಡೂ ಕೈಗೆ ಬಾಟ್ಲಿ ಹಚ್ಚಿ ದೊಡ್ಡ ದವಾಖಾನಿಗೆ ಒಯ್ರಿ ಅಂತ 108ರಾಗ ಹಾಕಿದ್ರು. ಆ ದವಾಖಾನ್ಯಾಗ ಗುಂಪು ಚೆಕ್ ಮಾಡಿದ್ರ ಓ ನೆಗೆಟಿವ್. ನಂದು ಓ ಪಾಸಿಟಿವ್, ನಮ್ಮ ಅಪ್ಪಂದು ಓ ಪಾಸಿಟಿವ್, ಚಾಚಿದ ಕೈ ಹಂಗೇ ಹಿಂದಕ ತಗೊಂಡ್ವಿ. ನೆಗೆಟಿವ್ ಗುಂಪು ನಮ್ಮ ದೇಶದಾಗ ನೂರರಾಗ ಐದಾರು ಮಂದಿಗೆ, ಅವತ್ತು ಅಲ್ಲಿ ಸ್ಟಾಕ್ ಇರಲಿಲ್ಲ. ಆ ದವಾಖಾನಿ ಹೆಸರು ನಾ ಬರೆಯಂಗಿಲ್ಲ, ಅಲ್ಲಿನ ಡಾಕ್ಟರಮ್ಮ ಬೆಳತನಕ ಕುಂತಿರಲಿಲ್ಲ, ನಿಂತೇ ಇದ್ರು. ಗಂಗಾವತಿಯಾಗಿದ್ದ ನಮ್ಮ ದೊಡ್ಡಪ್ಪನ ಮಗಂದೂ ಓ ನೆಗೆಟಿವ್ ಅಂತ ನೆನಪಾಗಿ ಫೋನ್ ಮಾಡಿದ್ರ ಅವ ಬೈಕ್ ಮ್ಯಾಲೆ ಬಂದ, ಇನ್ನೊಂದು ಬಾಟ್ಲಿ ಬ್ಯಾರೆ ಊರಿನ ಬ್ಲಡ್ ಬ್ಯಾಂಕಿನಿಂದ ತರಿಸಿದ್ವಿ. ತಂಗಿ ಉಳದ್ಲು.

ನಾಕು ದಿನ ಬಿಟ್ಟು ಭಾವ ಬೆಂಗಳೂರಿನಿಂದ ಬರೂವಾಗ ಕಾರ್ಡ್ ತಂದ. ಮೊದಲ್ನೇ ಹಾಳ್ಯಾಗ ನೀಲಿ ಪೆನ್ನಿನ್ಯಾಗ ದಪ್ಪಗ ಬರದಿತ್ತು, ಓ ನೆಗೆಟಿವ್. ಕೆಳಗ ಹಿಮೋಗ್ಲೋಬಿನ್, ಅದಕ್ಕ ಒಂದು ಗೆರಿ ಎಳದಿದ್ರು. ಮ್ಯಾಲೆ ಒಂದು ಕೆಂಪು ಸ್ಟಿಕ್ಕರ್. ಸರಕಾರ 2016ರಾಗ ಸುರು ಮಾಡಿದ ಯೋಜನೆಯಾಗ ಪ್ರತಿ ತಿಂಗಳ 9ನೇ ತಾರೀಖು ಬಸುರ್ಯಾರನ್ನ ಡಾಕ್ಟರ್ ಪುಕ್ಕಟ ನೋಡ್ತಾರ, ಗಂಡಾಂತರ ಐತಿ ಅನಿಸಿದವರ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಎಲ್ಲಾ ಬರೋಬರಿ ಇದ್ರ ಹಸರು. ನಮಗೆ ಅದು ಗೊತ್ತಿರಲಿಲ್ಲ. ಭಾವ ಅಂತೂ ಅದು ದವಾಖಾನಿಯ ಗುರುತು ಅಂದುಕೊಂಡಿದ್ದ. ಇನ್ನೊಂದು ಮಾತು, ಆಕಿ ಮೊದಲ್ನೇ ಬಸುರಿನ ಕಾರ್ಡನ್ನ ಝೆರಾಕ್ಸ್ ಮಾಡಿದಾವ ನಾನೇ. ಮಾತೃವಂದನಾ ಅರ್ಜಿಗೆ ನನ್ನ ಅಂಗಡಿಯಾಗ, ನನ್ನ ಕೈಲೆ. ಓ ನೆಗೆಟಿವ್ ಅಂತ ಅದರಾಗೂ ಇದ್ದೇ ಇತ್ತು. ಆಗ ನೆಗೆಟಿವ್ ಗುಂಪಿನ ತಾಯಿಗೆ ಹಡದ ಮ್ಯಾಲೆ 72 ತಾಸಿನೊಳಗ ಕೊಡೋ ಆಂಟಿ-ಡಿ ಸೂಜಿ ಆಕಿಗೆ ಮಾಡಿದ್ರು ಅನ್ನೂದು ನಮ್ಮ ಪುಣ್ಯ, ಇಲ್ಲಾಂದ್ರ ಎರಡನೇ ಕೂಸಿನ ರಗತಕ್ಕೇ ಪೆಟ್ಟು ಬೀಳಬಹುದಿತ್ತಂತ.

ಹಂಗಾಗಿ ಸಂಪಾದಕರೇ, ನನ್ನ ಒಂದೇ ಅಹವಾಲು ಈ ಕಾರ್ಡಿನ ಬಗ್ಗೆ. ನಮ್ಮ ಕಡೆ ಹೆಣ್ಣು ಬಸುರಾಗೂದು ಒಂದು ಊರಾಗ, ಹಡೆಯೂದು ಇನ್ನೊಂದು ಊರಾಗ, ನಡುವ ಗುಳೆ ಇದ್ರ ಮೂರನೇ ಊರು. ಗಂಡನ ಮನಿ ಊರಿನ ಆಶಾಗೆ ಈಕಿ ಯಾವಾಗ ಹೋದ್ಲು ಗೊತ್ತಿರಂಗಿಲ್ಲ, ತವರೂರ ಆಶಾಗೆ ಈಕಿಗೆ ಹಿಂದ ಏನಾಗಿತ್ತು ಗೊತ್ತಿರಂಗಿಲ್ಲ. ಕಂಪ್ಯೂಟರಿನ್ಯಾಗ ಆರ್‌ಸಿಎಚ್ ನಂಬರ್, ಅಂದ್ರ ಬಸುರಿ ಹೆಸರು ಬರಸಿದಾಗ ಕೊಡೂ ನಂಬರ್, ಹಾಕಿದ್ರ ಎಲ್ಲಾ ಬರ್ತೈತಿ ಅಂತಾರ, ಆ ನಂಬರ್ ಇರೂದು ಕಾರ್ಡ್ ಮ್ಯಾಲೆ, ಕಾರ್ಡ್ ಇರೂದು ಅಕ್ಕಿ ಡಬ್ಬ್ಯಾಗ. ಏಳನೇ ತಿಂಗಳು ದಾಟಿದ ಮ್ಯಾಲೇ ಭಾಳಷ್ಟು ಮಂದಿಗೆ ಬಿಪಿ ಏರೂದು, ಕೂಸು ಅಡ್ಡ ಕುಂತದ್ದು ಗೊತ್ತಾಗೂದು, ರಗತದ ಕೊರತಿ ಸರಿ ಮಾಡಾಕ ಕಡೀ ಅವಕಾಶ ಇರೂದು, ಅದೇ ಹೊತ್ತಿನ್ಯಾಗ ನಾವು ಆಕಿನ್ನ ಸೀರಿ ಉಡಿಸಿ ಮೆರವಣಿಗಿ ಮಾಡಿ ಊರು ಬದಲಸ್ತೀವಿ. ಕುಬಸ ಬ್ಯಾಡ ಅಂತ ನಾ ಹೇಳೂದಿಲ್ಲ, ಹಡದು ಎದ್ದೇಳೂ ತನಕ ಅವ್ವನ ಮನ್ಯಾಗ ಇರೂದು ಹೆಣ್ಣಿಗೆ ದೊಡ್ಡ ಆಸರ. ಉಡಿ ತುಂಬೂವಾಗ ಕಾಯಿ ಎಲಿ ಅಡಕಿ ಜೋಡಿ ಆ ಕಾರ್ಡನೂ ಉಡಿಯಾಗ ಹಾಕ್ರಿ ಅಂತೀನಿ. ಬೀಗರ ಕಡೆಯವರು ನಾಕು ಮಂದಿ ಮುಂದ ತೆಗದು ಓದಿ ಹೇಳ್ಲಿ, ಗುಂಪು ಇದು, ರಗತ ಇಷ್ಟು, ಹಿಂದಿನದು ಸಿಜೇರಿಯನ್ನು, ಇಷ್ಟು ಸೂಜಿ ಆಗ್ಯಾವ.

ಸರಕಾರದ ಲೆಕ್ಕದಾಗ ನಮ್ಮ ರಾಜ್ಯದಾಗ ನೂರಕ್ಕ 97 ಹೆರಿಗಿ ದವಾಖಾನ್ಯಾಗ ಆಗ್ತಾವ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳ್ತೈತಿ. ಚಲೋನ ಆತು. ಅದೇ ಸಮೀಕ್ಷೆಯಾಗ ಬಸುರ್ಯಾರಾಗ ನೂರಕ್ಕ 46 ಮಂದಿಗೆ ರಗತ ಕಡಿಮಿ. ಅಂದ್ರ ದವಾಖಾನಿ ಬಾಗಿಲ ತನಕ ಎಲ್ಲಾರೂ ಬಂದ್ರು, ಬರೂವಾಗ ಅರ್ಧ ಮಂದಿ ಮೈಯಾಗ ರಗತ ಇಲ್ದೇ ಬಂದ್ರು. 2018-20ರಾಗ ಲಕ್ಷ ಹೆರಿಗಿಗೆ ಕೇರಳದಾಗ 19 ತಾಯಂದಿರು ತೀರಿಕೊಂಡ್ರು, ಕರ್ನಾಟಕದಾಗ 69. ಇಷ್ಟು ಫರಕು ಬರೇ ಕಟ್ಟಡದ್ದಲ್ಲ ಅನಸ್ತೈತಿ ನನಗ. ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೂ 371ಜೆ ಬಂತು, ಕೊಪ್ಪಳ ರಾಯಚೂರು ಬಳ್ಳಾರಿ ಮೂರೂ ಜಿಲ್ಲಾದಾಗ ಸರಕಾರಿ ಮೆಡಿಕಲ್ ಕಾಲೇಜು ಅದಾವ, ಬೋರ್ಡ್ ಹೊಳೀತಾವ. ತಾಲ್ಲೂಕಿನ್ಯಾಗ ರಾತ್ರಿ ಅರವಳಿಕಿ ಡಾಕ್ಟರ್ ಅದಾರೇನು, ಫ್ರಿಜ್ಜಿನ್ಯಾಗ ರಗತ ಐತೇನು ಅಂತ ಕೇಳ್ರಿ, ಅಲ್ಲೇ ಗೊತ್ತಾಗ್ತೈತಿ. ಫ್ರಿಜ್ ಅಂದಾಗ ನೆನಪಾತು, ಹಡದ ಕೂಡಲೇ ಗರ್ಭಕೋಶ ಬಿಗಿಯಾಗ್ಲಿ ಅಂತ ಕೊಡೂ ಆಕ್ಸಿಟೋಸಿನ್ ಸೂಜಿಮದ್ದನ್ನ 2ರಿಂದ 8 ಡಿಗ್ರಿ ತಣ್ಣಗ ಇಡಬೇಕು, ಇಲ್ಲಾಂದ್ರ ಅದರ ಶಕ್ತಿ ಇಳೀತೈತಿ. ರಾಯಚೂರಾಗ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ದಾಟಿದ ಮಧ್ಯಾಹ್ನ ತಾಸುಗಟ್ಟಲೆ ಕರೆಂಟ್ ಹೋದ್ರ ಆ ಸಣ್ಣ ಬಾಟ್ಲಿ ಎಲ್ಲಿ ಇರ್ತೈತಿ ಅಂತ ನಿಮ್ಮ ವರದಿಗಾರರು ಒಂದ್ಸಲ ಹೋಗಿ ನೋಡ್ಲಿ.

ಇನ್ನ ವಯಸ್ಸಿನ ವಿಷಯ. ನನ್ನ ಅಂಗಡಿಗೆ ಬರೂ ಚೊಚ್ಚಲ ಕಾರ್ಡಿನ್ಯಾಗ ಭಾಳಷ್ಟರಾಗ ವಯಸ್ಸು 19 ಅಂತನೇ ಇರ್ತೈತಿ, ಎಲ್ಲಾರೂ ಒಂದೇ ವರ್ಷ ಹುಟ್ಟ್ಯಾರೇನೋ ಅನಸ್ತೈತಿ. ಆಧಾರ್ ಪಕ್ಕಕ್ಕಿಟ್ರ ಲೆಕ್ಕ ಕೂಡಂಗಿಲ್ಲ. ಸ್ಕ್ಯಾನ್ ಮಾಡಿ ತಾರೀಖು ಒಂದೀಟು ತಿದ್ದಿಕೊಡೋ ತಮ್ಮಾ ಅಂತ ಒಂದೆರಡು ಮಂದಿ ಬಂದಾರ, ನಾ ಮಾಡಂಗಿಲ್ಲ ಅಂದೆ, ಪ್ಯಾಟ್ಯಾಗ ಮಾಡೂವರು ಇದ್ದೇ ಇರ್ತಾರ. ನಮ್ಮ ರಾಜ್ಯದಾಗ ಕಾನೂನು ತಿದ್ದಿ 18 ತುಂಬದ ಹುಡುಗಿ ಮದಿವಿ ಮದಿವೀನೇ ಅಲ್ಲ ಅಂತ ಮಾಡ್ಯಾರ. ಅದು ಬೇಕಾದ ಕಾನೂನು, ಆದ್ರ ನಮ್ಮ ಮಂದಿ ಮದಿವಿ ನಿಲ್ಲಸಲಿಲ್ಲ, ಬಸುರು ಮುಚ್ಚಿಡಾಕ ಕಲತ್ರು. ಕೇಸ್ ಬೀಳ್ತೈತಿ ಅಂತ ಆರು ತಿಂಗಳ ತನಕ ಆಶಾಗೆ ಹೇಳಂಗಿಲ್ಲ. ಹದಿನಾರು ಹದಿನೇಳರ ಹುಡುಗಿ ಸೊಂಟದ ಎಲುಬೇ ಪೂರಾ ಬೆಳದಿರಂಗಿಲ್ಲ, ಕೂಸಿನ ತಲಿ ಸಿಕ್ಕೊಂತೈತಿ, ನಂಜು ಏರೂದೂ ಇಂಥ ಸಣ್ಣ ವಯಸ್ಸಿನವರಿಗೇ ಜಾಸ್ತಿ, ಹಿಂಗಿದ್ದಾಗ ಯಾರಿಗೆ ಎಲ್ಲರಕಿಂತ ಮೊದಲು ಕಾರ್ಡ್ ಆಗಬೇಕೋ ಅವರಿಗೇ ಎಲ್ಲರಕಿಂತ ತಡ ಆಗ್ತೈತಿ. ಹೆಸರು ಬರಸಾಕ ಬಂದ ಹುಡುಗಿಗೆ ಪೊಲೀಸರ ಅಂಜಿಕಿ ಹಾಕದಂಗ ಮೊದಲು ಆಕಿ ಬಿಪಿ ನೋಡಬೇಕು, ಕೇಸ್ ಲಗ್ನ ಮಾಡಿಸಿದ ದೊಡ್ಡವರ ಮ್ಯಾಲೆ ಹಾಕ್ಲಿ. ಇದಕ್ಕ ಕಾನೂನು ಬಲ್ಲವರು ಏನಂತಾರ ಗೊತ್ತಿಲ್ಲ, ನನಗಂತೂ ಹಂಗ ಅನಸ್ತೈತಿ.

ನಂಜು ಅಂದೆ ನೋಡ್ರಿ, ಅದೊಂದು ಮಾತು ಹೇಳಲೇಬೇಕು. ನಮ್ಮ ಹಳ್ಯಾಗ ಬಸುರಿ ಕಾಲು ಬಾತ್ರ ನೀರು ತುಂಬೈತಿ ಗಂಡು ಹುಟ್ತೈತಿ ಅಂತಾರ, ಒಂಬತ್ತನೇ ತಿಂಗಳಾಗ ಫಿಟ್ಸ್ ಬಂದ್ರ ಮೈಮ್ಯಾಲೆ ದೇವರು ಬಂತು, ಗಾಳಿ ಆತು ಅಂತ ಮೊದಲು ಪೂಜಾರಿ ಹತ್ರ. ಐದು ತಿಂಗಳು ದಾಟಿದ ಮ್ಯಾಲೆ ಬಿಪಿ 140/90 ಮುಟ್ಟಿತು, ಉಚ್ಚಿಯಾಗ ಅಲ್ಬುಮಿನ್ ಬಂತು ಅಂದ್ರ ಅದೇ ನಂಜಿನ ಸುರುವಾತು. ಕಾಲಷ್ಟೇ ಅಲ್ಲ ಮುಖ ಕೈ ಬಾಯೂದು, ತಲಿ ಸಿಡಿಯೂದು, ಕಣ್ಣು ಮಂಜಾಗೂದು, ಎದಿಗುಂಡಿ ಹತ್ರ ನೋವು, ಇದರಾಗ ಯಾವುದು ಬಂದ್ರೂ ಬೆಳಗಾಗಲಿ ಅಂತ ಕಾಯಬಾರದು. ಫಿಟ್ಸ್ ತಡೆಯಾಕ ಮ್ಯಾಗ್ನೀಶಿಯಂ ಸಲ್ಫೇಟ್ ಸೂಜಿ ಐತಿ, ಭಾಳ ಹಳೀ ಔಷಧ, ತುಟ್ಟಿನೂ ಅಲ್ಲ. ಬಿಪಿ ನೋಡಾಕ ಎರಡು ನಿಮಿಷ. ನನಗ ಸಿಟ್ಟು ಬರೂದು ಎಲ್ಲಿ ಅಂದ್ರ, ಎಷ್ಟೋ ಕಾರ್ಡಿನ್ಯಾಗ ಎಲ್ಲಾ ತಿಂಗಳಕ್ಕೂ 110/70, 110/70, 110/70 ಅಂತ ಒಂದೇ ಕೈಬರದಾಗ ಒಂದೇ ಪೆನ್ನಿನ್ಯಾಗ ಇರ್ತೈತಿ, ಪಟ್ಟಿ ಕಟ್ಟಿ ನೋಡಿ ಬರದಾರೋ ಸುಮ್ನ ತುಂಬ್ಯಾರೋ ಆ ದೇವರಿಗೇ ಗೊತ್ತು. ಎಲ್ಲಾ ಸಿಸ್ಟರ್ ಹಂಗಿಲ್ಲ, ಒಬ್ಬೊಬ್ಬರು ಎಷ್ಟು ಕಾಳಜಿಯಿಂದ ಬರದಿರ್ತಾರಂದ್ರ ಕೈ ಮುಗೀಬೇಕು ಅನಸ್ತೈತಿ.

ಆಶಾ ಅಕ್ಕಾರನ್ನ ಬೈಯೂದು ಭಾಳ ಸಲೀಸು. 2025ರ ಜನವರಿ ಚಳ್ಯಾಗ ಬೆಂಗಳೂರಾಗ ರಸ್ತಾದ ಮ್ಯಾಲೆ ಮಲಕೊಂಡು ಗೌರವಧನಕ್ಕ ಧರಣಿ ಕುಂತಿದ್ದವರು ಇವ್ರೇ. ಇವರ ಮೊಬೈಲಿಗೆ ಒಂದು ದಾರಿ ಮಾಡಿಕೊಟ್ರ ಸಾಕು, ಬಸುರಿ ಊರು ಬಿಟ್ಲು ಅಂದ ಕೂಡಲೇ ಆ ಊರಿನ ಆಶಾ ಈ ಊರಿನ ಆಶಾಗೆ ಫೋನ್ ಹಚ್ಚಿ ಕೆಂಪು ಸ್ಟಿಕ್ಕರ್ ಐತಿ ನೋಡ್ರೀ ಅಕ್ಕಾರ ಅಂತ ಹೇಳಬೇಕು, ಹೇಳಿದ್ದಕ್ಕ ಅವರಿಗೂ ನಾಕು ದುಡ್ಡು ಬರಬೇಕು. ಈಗ ಹೆರಿಗಿ ಆದ ಊರಿನಾಕಿಗೆ ದುಡ್ಡು, ಏಳು ತಿಂಗಳು ನೋಡಿಕೊಂಡಾಕಿಗೆ ಏನೂ ದಕ್ಕಂಗಿಲ್ಲ ಅಂತ ನಮ್ಮೂರ ಅಕ್ಕಾರೇ ಹೇಳ್ತಿದ್ರು. ಅಂಗನವಾಡಿ ಊಟನೂ ಹಂಗೇ, ಮಾತೃಪೂರ್ಣ ಅಂತ 2017ರ ಅಕ್ಟೋಬರ್ 2ಕ್ಕ ಸುರು ಮಾಡಿದ್ರು, ಬಿಸಿ ಊಟ, ಹಾಲು, ತತ್ತಿ, ಒಳ್ಳೇ ಯೋಜನೆ. ಆದ್ರ ಅಲ್ಲೇ ಕುಂತು ಉಣ್ಣಬೇಕು. ಹೊಲಕ್ಕ ಹೋದಾಕಿ ಮಧ್ಯಾಹ್ನ ಹೆಂಗ ಬರ್ತಾಳ, ಹೊಸದಾಗಿ ಬಂದ ಸೊಸಿನ್ನ ಅತ್ತಿ ಓಣಿ ದಾಟಿ ಉಣ್ಣಾಕ ಕಳಸ್ತಾಳೇನು. ಮನ್ಯಾಗ ಎಲ್ಲಾರೂ ಉಂಡ ಮ್ಯಾಲೆ ಉಳಿದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಅದೇ ಆಕಿ ಪಾಲು. ಪುಂಡಿಪಲ್ಲೆ ಕೆಟ್ಟದ್ದಲ್ಲ, ಬೇಳಿ ತತ್ತಿ ಆಕಿ ತಾಟಿಗೆ ಬರೂದಿಲ್ಲ ಅನ್ನೂದು ನನ್ನ ತಕರಾರು.

ಹಡದ ಮ್ಯಾಲಿನದು ಇನ್ನೊಂದು. ಕೂಸು ಹುಟ್ಟಿತು ಅಂದ್ರ ಎಲ್ಲಾರ ಕಣ್ಣೂ ಕೂಸಿನ ಮ್ಯಾಲೆ. ಮಂಚದ ಬುಡಕ ಅಗ್ಗಿಷ್ಟಿಗಿ, ಕಿಡಕಿ ಬಂದ್, ನೀರು ಕುಡದ್ರ ಹೊಟ್ಟಿ ಬರ್ತೈತಿ ಅಂತ ಬಾಣಂತಿಗೆ ಎರಡೇ ಗುಟುಕು ನೀರು, ಅದೂ ನಮ್ಮ ಬ್ಯಾಸಗ್ಯಾಗ. ಹಡದ ಮ್ಯಾಲೆ 42 ದಿನದ ತನಕ ಗಂಡಾಂತರ ಇದ್ದೇ ಇರ್ತೈತಿ, ಜ್ವರ ಬಂದ್ರ, ಕೆಟ್ಟ ವಾಸನಿ ಬಂದ್ರ, ರಗತ ಗಡ್ಡಿಗಡ್ಡಿ ಬಿದ್ರ, ಒಂದೇ ಕಾಲಿನ ಮೀನಖಂಡ ಬಾತು ನೋಯಾಕ ಹತ್ತಿದ್ರ ಅದು ಬಾಣಂತಿ ಸಣ್ಣ ತ್ರಾಸಲ್ಲ. ಸರಕಾರಿ ದವಾಖಾನ್ಯಾಗ ಸಾದಾ ಹೆರಿಗಿಗೆ ಮೂರು ದಿನ, ಸಿಜೇರಿಯನ್‌ಗೆ ಏಳು ದಿನ ಪುಕ್ಕಟ ಇರಾಕ ಹಕ್ಕು ಐತಿ, ಊಟ ಔಷಧ ರಗತ ಗಾಡಿ ಎಲ್ಲಾ ಪುಕ್ಕಟ. ನಾವು ಮರುದಿನನ ಡಿಸ್ಚಾರ್ಜ್ ಮಾಡ್ರಿ ಅಂತ ಜಗಳಾ ತಗೀತೀವಿ, ಮನ್ಯಾಗ ಎಮ್ಮಿ ಹಿಂಡೂವರಿಲ್ಲ ಅಂತ.

ಒಂದು ಕೋರಿಕಿ ಐತಿ ನಿಮ್ಮ ಹತ್ರ. ತಾಯಿ ಕಾರ್ಡ್ ಹೆಂಗ ಓದೂದು ಅಂತ ನಿಮ್ಮ ಪತ್ರಿಕಾದಾಗ ಅರ್ಧ ಪುಟ ಹಾಕ್ರಿ, ಕಾರ್ಡಿನ ಫೋಟೋ ಸಮೇತ, ದೊಡ್ಡ ಅಕ್ಷರದಾಗ. ಎತ್ತರ 140 ಸೆಂಟಿಮೀಟರ್‌ಗಿಂತ ಗಿಡ್ಡ ಇದ್ರ ಏನು, ವಯಸ್ಸು 35 ದಾಟಿದ್ರ ಏನು, ಅವಳಿ ಇದ್ರ ಏನು, ಹಿಂದಿನದು ಸಿಜೇರಿಯನ್ ಆಗಿದ್ರ ಯಾವ ದವಾಖಾನಿಗೆ ಮೊದಲೇ ಹೋಗಬೇಕು ಅಂತ. ನಾನು ಅದನ್ನ ಐವತ್ತು ಕಾಪಿ ತೆಗದು ಪುಕ್ಕಟ ಹಂಚ್ತೀನಿ. ಈಗಾಗಲೇ ನನ್ನ ಅಂಗಡಿಗೆ ತಾಯಿ ಕಾರ್ಡ್ ತಂದವರಿಗೆ ಒಂದು ಕಾಪಿ ಜಾಸ್ತಿ ತಗದು ಇದು ತವರು ಮನಿಗೆ ಅಂತ ಕೊಡ್ತೀನಿ, ಗಂಡನ ಮೊಬೈಲಿನ್ಯಾಗ ಫೋಟೋ ಹೊಡಕೊಳ್ರಿ ಅಂತೀನಿ. ಕೆಲವರು ನಿನಗ್ಯಾಕ ಬೇಕೋ ಹೆಣಮಕ್ಕಳ ವಿಷಯ ಅಂತ ಮಾರಿ ನೋಡ್ತಾರ.

ಮೊನ್ನೆ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಕೈಯಾಗ ಹೆಲ್ಮೆಟ್ಟು, ಭಾಳ ಅವಸರ. ಹೇಣ್ತಿಗೆ ಎಂಟು ತಿಂಗಳು, ಎತ್ತರ 138 ಅಂತ ಬರದಿತ್ತು, ಹಿಮೋಗ್ಲೋಬಿನ್ 8.4, ಮೂಲ್ಯಾಗ ಕೆಂಪು ಸ್ಟಿಕ್ಕರ್. ಹಿಂಗ ಅಂದ್ರೇನು ಗೊತ್ತೈತೇನೋ ತಮ್ಮಾ ಅಂದೆ. ಇಲ್ರಿ ಅಣ್ಣಾರ ಅಂದ. ಕುಂದರಿಸಿ ಒಂದೊಂದೇ ಸಾಲು ಓದಿ ಹೇಳಿದೆ, ನಮ್ಮ ತಂಗಿದೂ ಹೇಳಿದೆ, ಅವನ ಅವಸರ ಎಲ್ಲಾ ಇಳೀತು. ನಮ್ಮ ಝೆರಾಕ್ಸಿನ್ಯಾಗ ಕೆಂಪು ಬರಂಗಿಲ್ಲ, ಕರ್ರಗ ಒಂದು ಚುಕ್ಕಿ ಬೀಳ್ತೈತಿ, ತವರಿನವರಿಗೆ ಗೊತ್ತಾಗೂದಿಲ್ಲ, ಕಲರ್ ಕಾಪಿ ಬೇಕಂದ್ರ ಹತ್ತು ರೂಪಾಯಿ ಆಗ್ತೈತಿ ಅಂದೆ. ಎರಡು ತಗೀರಿ ಅಂದ.

ಇಂತಿ ನಿಮ್ಮ ಓದುಗ,
ಒಬ್ಬ ಝೆರಾಕ್ಸ್ ಅಂಗಡಿಯವ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ